ಮೊದಲ ಕೆಲಸದ ಮೊದಲ ಮಾತು

ಹತ್ತನೆಯ ತರಗತಿಯ ಪರೀಕ್ಷೆ ಮುಗಿಸಿದ ಹುಡುಗನೊಬ್ಬನು ಬೇಸಗೆಯ ಬಿಡುವಿನಲ್ಲಿ ಜವಳಿ ಅಂಗಡಿಯ ಮೆಟ್ಟಿಲೇರಿ, ತನಗೇನಾದರೂ ಕೆಲಸವುಂಟೇ ಎಂದು ಕೇಳುವಾಗ ಅವನ ನಾಲಗೆ ತಡವರಿಸುತ್ತದೆ. ಬೇಡುವುದಕ್ಕೂ ಕೇಳುವುದಕ್ಕೂ ಇರುವ ಅಂತರವು ಅವನಿಗಿನ್ನೂ ತಿಳಿಯದು. ಅವನ ತಂದೆಗಾದರೂ ತಿಳಿದಿದೆಯೆಂದು ಹೇಳಲಾಗದು; ಮಗನು ಅನ್ಯರ ಅಂಗಡಿಯಲ್ಲಿ ಗಂಟು ಕಟ್ಟಿದರೆ ಮನೆತನದ ಮಾನ ಹೋಗುವುದೆಂದು ಬಗೆಯುವ ಗೃಹಸ್ಥರು ಇಂದಿಗೂ ಇದ್ದಾರೆ. ನುಲಿಯ ಚಂದಯ್ಯ, ಅಂಬಿಗರ ಚೌಡಯ್ಯ, ಮಡಿವಾಳ ಮಾಚಯ್ಯ ಎಂದು ಶರಣರನ್ನು ಅವರ ಕಸುಬಿನಿಂದಲೇ ಕರೆದು ಕೈಮುಗಿಯುವ ಮನೆಗಳಲ್ಲಿಯೇ ಈ ನಾಚಿಕೆ ಇರುವುದು ವಿಚಿತ್ರವಷ್ಟೆ! ಬೇಡುವವನು ಬರಿಗೈಯನ್ನು ಒಡ್ಡುತ್ತಾನೆ. ಕೆಲಸ ಕೇಳುವವನಾದರೋ ತನ್ನ ಹೊತ್ತನ್ನೂ ಬಲವನ್ನೂ ಮುಂದಿಟ್ಟು ಕೇಳುತ್ತಾನೆ.

ನಾಚಿಕೆಗಿಂತ ಕಠಿನವಾದ ಪ್ರಶ್ನೆ ಬೇರೊಂದಿದೆ. ಹದಿನೇಳು ವರ್ಷದವನು ತನಗೆ ಹದಿನೆಂಟಾಯಿತೆಂದು ಹೇಳಿ ಕೆಲಸಕ್ಕೆ ಸೇರಿದರೆ ದೋಷವೇನು? ಮನೆಯಲ್ಲಿ ಕೊರತೆಯಿದೆ, ಹುಡುಗನು ಕದಿಯುತ್ತಿಲ್ಲ, ದುಡಿಯುತ್ತಿದ್ದಾನೆ. ಒಂದು ವರ್ಷದ ಸುಳ್ಳನ್ನು ಯಾರು ಲೆಕ್ಕಿಸುವರು? ವಾದವು ಹಗುರಾದುದಲ್ಲ. ಆದರೆ ಆ ಸುಳ್ಳಿನ ಭಾರವನ್ನು ಹೊರುವವರು ಯಾರೆಂಬುದನ್ನು ನೋಡಬೇಕು. ಊಟದ ಪೊಟ್ಟಣಗಳನ್ನು ಮನೆಮನೆಗೆ ಒಯ್ಯಲು ಆ ಹುಡುಗನು ತಂದೆಯ ಮೋಟಾರು ಸೈಕಲ್ಲನ್ನು ಏರಿದನೆಂದು ಭಾವಿಸೋಣ. ಪರವಾನಗಿ ದೊರೆಯದ ವಯಸ್ಸಿನಲ್ಲಿ ಅಪಘಾತವಾದರೆ, 1988ರ ಮೋಟಾರು ವಾಹನ ಕಾಯಿದೆಗೆ 2019ರಲ್ಲಿ ಆದ ತಿದ್ದುಪಡಿಯಂತೆ ತಂದೆಗೆ 3 ವರ್ಷದವರೆಗೆ ಸೆರೆವಾಸವೂ 25,000 ರೂಪಾಯಿ ದಂಡವೂ ಬರಬಹುದು. ಯಾರ ಕೊರತೆಯನ್ನು ನೀಗಲೆಂದು ಸುಳ್ಳಾಡಿದನೋ ಆ ಮನೆಯ ಮೇಲೆಯೇ ಅದು ಎರಗುತ್ತದೆ.

ವಯಸ್ಸಿನ ಸುಳ್ಳು ಕಾಣುವಂಥದು. ಹೊತ್ತಿನ ಸುಳ್ಳು ಕಾಣದು. ಕೆಲಸ ಸಿಕ್ಕರೆ ಸಾಕೆಂಬ ಆತುರದಲ್ಲಿ ಕಿರಿಯನು "ಎಷ್ಟು ಹೊತ್ತಾದರೂ ಇರುತ್ತೇನೆ" ಎಂದುಬಿಡುತ್ತಾನೆ. ಆಯ್ದಕ್ಕಿ ಮಾರಯ್ಯನು ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿ ತಂದಾಗ ಲಕ್ಕಮ್ಮನು ಅದನ್ನು ತಂದಲ್ಲಿಗೇ ಹಿಂದಿರುಗಿಸೆಂದಳೆಂಬ ಕಥೆಯನ್ನು ಅಕ್ಕಿಯ ಮಟ್ಟಿಗೆ ಮಾತ್ರ ಎಲ್ಲರೂ ಒಪ್ಪುತ್ತಾರೆ. ಮಾತಿಗೂ ಅಂಥದೇ ಅಳತೆಯೊಂದುಂಟು. ಕಾಲೇಜು ತೆರೆದ ಮೇಲೆ ಸಂಜೆ ಎರಡು ತಾಸು ಮಾತ್ರ ಬರಬಲ್ಲೆ, ಪರೀಕ್ಷೆಯ ತಿಂಗಳು ಬರಲಾರೆ, ಲೆಕ್ಕ ಬರೆಯಬಲ್ಲೆ, ಗಣಕಯಂತ್ರ ತಿಳಿಯದು ಎಂದು ಮೊದಲೇ ಹೇಳುವವನನ್ನು ವ್ಯಾಪಾರಿಯು ಕೂಡಲೇ ಇಟ್ಟುಕೊಳ್ಳದಿರಬಹುದು. ಇಟ್ಟುಕೊಂಡರೆ ಬೀಗದ ಕೈಯನ್ನು ಅವನಿಗೇ ಕೊಡುತ್ತಾನೆ.

ಇಲ್ಲಿ ವ್ಯಾಪಾರಿಗಳಾದ ಭಕ್ತರಿಗೂ ಮಾತೊಂದುಂಟು. 1986ರ ಬಾಲಕಾರ್ಮಿಕ ಕಾಯಿದೆಯು 2016ರಲ್ಲಿ ತಿದ್ದುಪಡಿಯಾದ ಮೇಲೆ, 14 ತುಂಬದ ಅನ್ಯರ ಮಕ್ಕಳನ್ನು ಅಂಗಡಿ ಕಾರ್ಖಾನೆಗಳಲ್ಲಿ ದುಡಿಸುವಂತಿಲ್ಲ. 14ರಿಂದ 18ರೊಳಗಿನವರನ್ನು ಅಪಾಯದ ಕೆಲಸಗಳಿಗೆ ಹಚ್ಚುವಂತಿಲ್ಲ. ಉಳಿದೆಡೆಯೂ ವಿಶ್ರಾಂತಿ ಸೇರಿ ದಿನಕ್ಕೆ 6 ಗಂಟೆ ಮೀರಬಾರದು, ಸಂಜೆ 7ರಿಂದ ಬೆಳಗಿನ 8ರವರೆಗೆ ದುಡಿಸಬಾರದು, ವಾರಕ್ಕೊಂದು ದಿನ ಬಿಡುವು ಕೊಡಬೇಕು. ರಾತ್ರಿ ಒಂಬತ್ತಕ್ಕೆ ಬಾಗಿಲು ಹಾಕುವ ಅಂಗಡಿಯವರು ಎಳೆಯನನ್ನು ಏಳಕ್ಕೆ ಮನೆಗೆ ಕಳುಹಿಸುತ್ತಿರುವರೇ? "ಅವನೇ ಇರುತ್ತೇನೆಂದ" ಎನ್ನುವ ಸಮಾಧಾನವು ಎಳೆಯನ ಆತುರವನ್ನು ಲಾಭಕ್ಕೆ ಹಿಡಿದಂತೆ.

ಇನ್ನು ಕೆಲಸವನ್ನು ಅರಸುವ ಬಗೆ. ದೊಡ್ಡವರ ಶಿಫಾರಸಿನಿಂದ ಜಾಗ ಸಿಕ್ಕೀತು. ತಪ್ಪಿದಾಗ ತಿದ್ದುವವರು ಸಿಕ್ಕುವುದಿಲ್ಲ. ಅದಕ್ಕಿಂತ ಎಲ್ಲಿ ಕೈ ಸಾಲದೆಂದು ಕಣ್ಣಿಟ್ಟು ನೋಡುವುದು ಲೇಸು. ಎರಡನೆಯ ಮಹಾಯುದ್ಧದ ಕಾಲದಲ್ಲಿ ರಾಮೇಶ್ವರದಲ್ಲಿ ರೈಲು ನಿಲ್ಲದಾಗಿ, ಚಲಿಸುವ ಗಾಡಿಯಿಂದಲೇ ಪತ್ರಿಕೆಯ ಕಟ್ಟುಗಳನ್ನು ಎಸೆಯುತ್ತಿದ್ದರು. ಅವನ್ನು ಆಯ್ದುಕೊಳ್ಳಲು ಪತ್ರಿಕೆ ಹಂಚುವ ಬಂಧುವಿಗೆ ಆಳು ಬೇಕಾಯಿತು. ಬಾಲಕ ಅಬ್ದುಲ್ ಕಲಾಮರಿಗೆ ಮೊದಲ ಸಂಪಾದನೆ ಬಂದುದು ಹೀಗೆ. ಅಂದಿನ ಅವರ ವಯಸ್ಸಿಗೆ ಇಂದಿನ ಕಾಯಿದೆ ಒಪ್ಪದೆಂಬುದು ಬೇರೆಯ ಮಾತು. ಸಂಜೆ ನೆರೆಯ ಎಳೆಯರಿಗೆ ಪಾಠ ಹೇಳುವ ಹೆಣ್ಣುಮಗಳಿಗೂ ಹೀಗೆಯೇ ಓಣಿಯ ಕೊರತೆ ಕಣ್ಣಿಗೆ ಬಿದ್ದಿರುತ್ತದೆ.

ಕೇಳಲು ಹೋಗುವ ಹೊತ್ತೂ ಮುಖ್ಯ. ಗಿರಾಕಿಗಳ ಗದ್ದಲದಲ್ಲಿ ಹೋದವನಿಗೆ ಉತ್ತರ ಸಿಕ್ಕದು. ಮಧ್ಯಾಹ್ನ ಊಟದ ತರುವಾಯ, ಯಜಮಾನನು ಗದ್ದಿಗೆಗೆ ಒರಗಿ ಕುಳಿತಾಗ ಹೋಗಬೇಕು. ಅಂದೂ ಇಲ್ಲವೆಂದರೆ ನಮಸ್ಕರಿಸಿ ಹಿಂದಿರುಗಿ, ಹದಿನೈದು ದಿನದ ಮೇಲೆ ಮತ್ತೆ ವಿಚಾರಿಸಬಹುದು. ಏಪ್ರಿಲಿನಲ್ಲಿ ಆಳು ಬೇಡವೆಂದ ಜವಳಿ ಅಂಗಡಿಯಲ್ಲಿಯೇ ಮೇ ತಿಂಗಳ ಲಗ್ನಸರಾಯಿಗೆ ಸೀರೆ ಮಡಿಸುವವರು ಸಾಲದೆ ಬರುತ್ತಾರೆ.