ಕೂಡಿಟ್ಟ ಕರೆಂಟು

ಕರೆಂಟನ್ನು ಕೂಡಿಟ್ಟುಕೊಳ್ಳುವುದು ತಪ್ಪೇ? ಪ್ರಶ್ನೆ ವಿಚಿತ್ರವಾಗಿ ಕೇಳಿಸಬಹುದು. ಆದರೆ ಬಸವೇಶ್ವರನಗರವೆಂಬ ಹೆಸರಿನ ಬಡಾವಣೆಯಲ್ಲಿ ಮನೆ ಮಾಡಿಕೊಂಡವನಿಗೆ ಇಂಥ ಯೋಚನೆಗಳು ಬಂದೇ ಬರುತ್ತವೆ. ಆಯ್ದಕ್ಕಿ ಮಾರಯ್ಯ ಒಂದು ದಿನ ಬೇಕಾದದ್ದಕ್ಕಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ, ಅದನ್ನು ತಂದಲ್ಲಿಯೇ ಸುರಿದು ಬನ್ನಿ ಎಂದು ಲಕ್ಕಮ್ಮ ಗಂಡನನ್ನು ಹಿಂದಕ್ಕೆ ಕಳಿಸಿದಳಂತೆ. ನಮ್ಮಲ್ಲೋ, ನಾಳೆಗೆಂದು ಇಟ್ಟುಕೊಳ್ಳದ ಮನೆಯೇ ಅಪರೂಪ. ಮೆಟ್ಟಿಲ ಕೆಳಗೆ ಒಂದು ಬ್ಯಾಟರಿ ಕೂತಿರುತ್ತದೆ.

ತೊಂಬತ್ತರ ದಶಕದ ಲೋಡ್ ಶೆಡ್ಡಿಂಗಿನಲ್ಲಿ ಕತ್ತಲೆ ಇಡೀ ಬೀದಿಯದಾಗಿತ್ತು. ವಿಜಯನಗರದಲ್ಲಿ ಮಕ್ಕಳು 'ಹೋ' ಎಂದು ಕೂಗುತ್ತ ಹೊರಗೆ ಓಡಿ ಬರುತ್ತಿದ್ದವು. ಹೆಂಗಸರು ಗೇಟಿಗೆ ಒರಗಿ ಮಾತಿಗೆ ನಿಲ್ಲುತ್ತಿದ್ದರು. ಗಂಡಸರು ಮಳೆಯನ್ನೂ ಮಂತ್ರಿಗಳನ್ನೂ ಒಟ್ಟಿಗೆ ಬೈಯುತ್ತಿದ್ದರು. ಆಮೇಲೆ ಒಂದೊಂದೇ ಮನೆಗೆ ಯು.ಪಿ.ಎಸ್. ಬಂತು. ನಾಲ್ಕು ಕಿಟಕಿ ಬೆಳಗಿದರೆ ಉಳಿದವು ಕಪ್ಪಗೆ. ಬೆಳಗಿದ ಮನೆಯವರು ಹೊರಗೆ ಬರುವುದೂ ನಿಂತಿತು, ಬೈಯುವುದೂ ನಿಂತಿತು. ಬ್ಯಾಟರಿ ತಾನು ನುಂಗಿದಷ್ಟನ್ನು ಎಂದೂ ಹಿಂದಕ್ಕೆ ಕೊಡುವುದಿಲ್ಲ, ಸ್ವಲ್ಪ ಮುರಿದುಕೊಂಡೇ ಕೊಡುತ್ತದೆ. ಕೊರತೆಯ ಊರಿನಲ್ಲಿ ಕರೆಂಟು ಬಂದೊಡನೆ ಈ ಬ್ಯಾಟರಿಗಳೆಲ್ಲ ಹೀರತೊಡಗಿದರೆ, ಹೀರಿದ್ದು ಪಕ್ಕದವನ ಪಾಲಿನಿಂದಲೇ. ಲಕ್ಕಮ್ಮ ಬೇಡವೆಂದದ್ದು ಇಂಥದನ್ನು ಎಂದು ನನ್ನ ಎಣಿಕೆ.

ಆದರೆ ಬಿಸಿಲು ಅಕ್ಕಿಯಲ್ಲ. ಪಾವಗಡದ ಸೌರ ಪಾರ್ಕು 2050 ಮೆಗಾವಾಟಿನದು. ಸುಮಾರು 13,000 ಎಕರೆಯಲ್ಲಿ ಹರಡಿ 2019ರಲ್ಲಿ ಪೂರ್ಣಗೊಂಡಿತು. ಅಲ್ಲಿ ಮಧ್ಯಾಹ್ನ ಕರೆಂಟು ಸುರಿಯುತ್ತದೆ. ಸಂಜೆ ಏಳಕ್ಕೆ ರಾಜಾಜಿನಗರದ ದೀಪ, ಟಿ.ವಿ., ಮಿಕ್ಸಿಗಳೆಲ್ಲ ಒಮ್ಮೆಲೇ ಎದ್ದಾಗ ಪಾವಗಡದಲ್ಲಿ ಕತ್ತಲು. ತಂತಿಯಲ್ಲಿ ಕರೆಂಟು ಕಾದು ನಿಲ್ಲುವುದಿಲ್ಲ, ಹುಟ್ಟಿದ ಕ್ಷಣದಲ್ಲೇ ಖರ್ಚಾಗಬೇಕು. ಮಧ್ಯಾಹ್ನ ಮಿಕ್ಕದ್ದನ್ನು ಬಿಟ್ಟುಕೊಟ್ಟರೆ ಯಾವ ಬಡವನ ಹೊಟ್ಟೆಯೂ ತುಂಬುವುದಿಲ್ಲ. ಆದ್ದರಿಂದಲೇ ದಕ್ಷಿಣ ಆಸ್ಟ್ರೇಲಿಯಾದ ಹಾರ್ನ್ಸ್‌ಡೇಲ್‌ನಲ್ಲಿ 2017ರಲ್ಲಿ 100 ಮೆಗಾವಾಟಿನ ಬ್ಯಾಟರಿ ನಿಂತಿತು. ದೆಹಲಿಯ ರೋಹಿಣಿ ಬಡಾವಣೆಯಲ್ಲಿ 2019ರಲ್ಲಿ 10 ಮೆಗಾವಾಟಿನದು. ಇವು ಮೆಟ್ಟಿಲ ಕೆಳಗಿನವಲ್ಲ, ಎಲ್ಲರ ತಂತಿಗೂ ಸೇರಿದವು. ಇದನ್ನು ಲಕ್ಕಮ್ಮನೂ ಒಪ್ಪುತ್ತಿದ್ದಳೇನೋ.

ಅಲ್ಲಿಗೆ ಮುಗಿಯಿತೆನ್ನುವಂತಿಲ್ಲ. ಇಡುವುದಕ್ಕೆ ಜಾಗ ಬೇಕಲ್ಲ!

ನಮ್ಮ ಮನೆಗಳಲ್ಲಿ ಸಂಪಿನ ನೀರನ್ನು ಮೋಟಾರಿನಿಂದ ಮೇಲಿನ ಟ್ಯಾಂಕಿಗೆ ಏರಿಸಿ, ಬೇಕಾದಾಗ ಇಳಿಸಿಕೊಳ್ಳುತ್ತೇವೆ. ಕರ್ನಾಟಕ ವಿದ್ಯುತ್ ನಿಗಮದ 2000 ಮೆಗಾವಾಟಿನ ಶರಾವತಿ ಯೋಜನೆಯೂ ಇಷ್ಟೇ: ಗೇರುಸೊಪ್ಪೆಯ ನೀರನ್ನು ಹಗಲಿನ ಅಗ್ಗದ ಕರೆಂಟಿನಲ್ಲಿ ತಲಕಳಲೆಗೆ ಏರಿಸುವುದು, ಸಂಜೆ ಇಳಿಸಿ ಕರೆಂಟು ಪಡೆಯುವುದು. ನಾಲ್ಕು ಯೂನಿಟ್ ಹಾಕಿದರೆ ಮೂರರ ಆಸುಪಾಸು ಹಿಂದಕ್ಕೆ ಬರುತ್ತದೆ. ಲೆಕ್ಕ ಚೆನ್ನಾಗಿಯೇ ಇದೆ. ಆದರೆ ನಡುವೆ ಇರುವುದು ಸಿಂಗಳೀಕಗಳ ಅಭಯಾರಣ್ಯ. 1964ರ ಲಿಂಗನಮಕ್ಕಿಗೆ ಊರು ಮುಳುಗಿಸಿಕೊಂಡವರ ಮಕ್ಕಳು ಮೊಮ್ಮಕ್ಕಳಲ್ಲಿ ಎಷ್ಟೋ ಮಂದಿ ಭೂಮಿಯ ಹಕ್ಕುಪತ್ರಕ್ಕೆ ಇನ್ನೂ ಅಲೆಯುತ್ತಿದ್ದಾರೆ. ನಾಡಿಗೆ ಬೆಳಕಾಗಲೆಂದು ಒಮ್ಮೆ ಕೊಟ್ಟ ಕಣಿವೆಯನ್ನೇ, ನಮ್ಮ ಸಂಜೆಗಾಗಿ, ಇನ್ನೊಮ್ಮೆ ಕೇಳುತ್ತಿದ್ದೇವೆ. ಪಾವಗಡದಲ್ಲಿ ನೆಲ ಕಿತ್ತುಕೊಳ್ಳಲಿಲ್ಲ, ಎಕರೆಗೆ ವರ್ಷಕ್ಕೆ 21,000 ರೂಪಾಯಿ ಗುತ್ತಿಗೆ ಗೊತ್ತುಮಾಡಿದರು. ಅದು ಮೇಲೇ ಸರಿ. ಆದರೂ ಗುತ್ತಿಗೆ ಹೊಲವಿದ್ದವನಿಗೆ. ಆ ಹೊಲದಲ್ಲಿ ಕಳೆ ಕೀಳುತ್ತಿದ್ದವಳಿಗೆ ಏನು?

ಬೇಡವೇ ಬೇಡ ಎನ್ನುವ ಹಕ್ಕು ಫ್ಯಾನಿನ ಕೆಳಗೆ ಕೂತು ಬರೆಯುವ ನನಗಿಲ್ಲ. ಆದರೆ ಕೂಡಿಡುವ ಮೊದಲು, ಬಿಸಿಲಿದ್ದಾಗಲೇ ಮಾಡಿ ಮುಗಿಸಬಹುದಾದ ಕೆಲಸ ಎಷ್ಟಿದೆ ಎಂದು ಯಾರಾದರೂ ಕೇಳಬೇಕಿತ್ತು. ದೋಸೆ ಹಿಟ್ಟನ್ನು ಸಂಜೆಯೇ ರುಬ್ಬಬೇಕೆಂದು ಯಾವ ಶಾಸ್ತ್ರವಿದೆ? ನಮ್ಮ ಮನೆಯಲ್ಲಿ ಈಗ ಮೋಟಾರು, ಗ್ರೈಂಡರು ಎರಡೂ ಹನ್ನೆರಡು ಗಂಟೆಗೆ. ಇದರಿಂದ ಬಿಲ್ಲಿನಲ್ಲಿ ಒಂದು ಪೈಸೆಯೂ ಇಳಿದಿಲ್ಲವೆಂದು ಮನೆಯವಳು ತಿಂಗಳಿಗೊಮ್ಮೆ ಚೀಟಿ ತೋರಿಸುತ್ತಾಳೆ.