ಕಲಿಕೆಯ ವೆಚ್ಚ ಯಾರ ಖಾತೆಗೆ?

ಕೆಲವು ವರ್ಷಗಳ ಹಿಂದೆ ನನ್ನ ಧರ್ಮಪತ್ನಿಯ ಪಿತ್ತಕೋಶದಲ್ಲಿ ಕಲ್ಲುಗಳಾಗಿ, ಅದನ್ನು ತೆಗೆಸಲೇಬೇಕಾದ ಪ್ರಸಂಗ ಒದಗಿತು. ಹೊಟ್ಟೆಯನ್ನು ಉದ್ದಕ್ಕೆ ಕೊಯ್ಯದೆ, ಮೂರು ನಾಲ್ಕು ಸಣ್ಣ ರಂಧ್ರಗಳ ಮೂಲಕ ನಡೆಸುವ ಲ್ಯಾಪರೊಸ್ಕೋಪಿಕ್ ಶಸ್ತ್ರಚಿಕಿತ್ಸೆ ಅದು. ಹಿಂದಿನ ಸಂಜೆ ಹಿರಿಯ ವೈದ್ಯರ ಜೊತೆಯಲ್ಲಿ ಬಂದ ಎಳೆವಯಸ್ಸಿನ ವೈದ್ಯರೊಬ್ಬರನ್ನು ಕಂಡು ನನಗೆ ಅಳುಕಾಯಿತು. "ಡಾಕ್ಟರೇ, ಇದನ್ನು ತಾವೇ ಮಾಡಬೇಕು, ಕಲಿಯುವವರ ಕೈಗೆ ಕೊಡಬಾರದು" ಎಂದು ವಿನಂತಿಸಿಕೊಂಡೆ. ಅವರು ನಸುನಕ್ಕು, "ಆಗಲಿ ಯಜಮಾನರೇ. ಆದರೆ ಇವರು ಯಾರ ಮೇಲೆ ಕಲಿಯಬೇಕು, ತಾವೇ ಹೇಳಿ" ಎಂದರು.

ನನಗೆ ಉತ್ತರ ತೋಚಲಿಲ್ಲ. ಚಿಕಿತ್ಸೆ ಸುಸೂತ್ರವಾಗಿ ಮುಗಿಯಿತು; ಪ್ರಶ್ನೆ ಮಾತ್ರ ನಮ್ಮೊಡನೆ ಮನೆಗೆ ಬಂತು. ನನ್ನ ಮನೆಯವಳ ಮೇಲೆ ಬೇಡವೆಂದರೆ ಇನ್ನೊಬ್ಬರ ಮನೆಯವಳ ಮೇಲೆ ಆಗಲಿ ಎಂದಂತೆಯೇ ಅಲ್ಲವೆ? ಆ ಇನ್ನೊಬ್ಬರು ಹೀಗೆ ಕೇಳುವ ಧೈರ್ಯವಾಗಲಿ ಅನುಕೂಲವಾಗಲಿ ಇಲ್ಲದವರೇ ಆಗಿರುತ್ತಾರೆ.

ಕಿರ್ದಿ ಖಾತೆಗಳ ನಡುವೆ ಆಯುಷ್ಯ ಕಳೆದ ನನಗೆ ಒಂದು ಮಾತು ಗೊತ್ತು. ಖರ್ಚೆಂಬುದು ಬರೆಯದೆ ಬಿಟ್ಟರೆ ಇಲ್ಲವಾಗುವುದಿಲ್ಲ. ನಮ್ಮ ಖಾತೆಗೆ ಹಾಕದಿದ್ದರೆ ಮತ್ತೊಬ್ಬರ ಖಾತೆಗೆ ಬೀಳುತ್ತದೆ. ಶಸ್ತ್ರವೈದ್ಯರ ಕಲಿಕೆಗೂ ಇಂಥದೊಂದು ಖರ್ಚು ಉಂಟು. ಈ ವಿಧಾನದಿಂದ ಪಿತ್ತಕೋಶವನ್ನು ಮೊದಲು ತೆಗೆದವರು ಜರ್ಮನಿಯ ಎರಿಕ್ ಮ್ಯೂಹೆ, 1985ರಲ್ಲಿ. ನಮ್ಮ ದೇಶದಲ್ಲಿ 1990ರಲ್ಲಿ ಮುಂಬಯಿಯ ಡಾ. ತೆಹೆಮ್ಟನ್ ಉದ್ವಾಡಿಯಾ ಅದನ್ನು ಆರಂಭಿಸಿದರು. 1991ರಲ್ಲಿ ಅಮೆರಿಕದ ದಕ್ಷಿಣ ರಾಜ್ಯಗಳ ಶಸ್ತ್ರವೈದ್ಯರ ಕೂಟವೊಂದು 1518 ರೋಗಿಗಳ ವಿವರಗಳನ್ನು ಪ್ರಕಟಿಸಿತು. ಪ್ರತಿಯೊಂದು ತಂಡದ ಮೊದಲ 13 ರೋಗಿಗಳಲ್ಲಿ ಪಿತ್ತನಾಳಕ್ಕೆ ಗಾಯವಾದ ಪ್ರಮಾಣ ಶೇ. 2.2, ಅನಂತರ ಬಂದವರಲ್ಲಿ ಶೇ. 0.1. ಅಂದರೆ ಸಾವಿರಕ್ಕೆ ಇಪ್ಪತ್ತೆರಡು ಇದ್ದುದು ಸಾವಿರಕ್ಕೆ ಒಂದಾಯಿತು. ವೈದ್ಯರ ಕೈ ಪಳಗಿದ್ದಕ್ಕೆ ಬೆಲೆ ತೆತ್ತವರು ಆ ಮೊದಲ ಹದಿಮೂರು ಜನ. ತಾವು ಎಷ್ಟನೆಯವರೆಂಬುದು ರೋಗಿಗಳಿಗೆ ತಾನಾಗಿ ತಿಳಿಯುವ ಸಂಗತಿಯಲ್ಲ.

ಈ ವಿದ್ಯೆ ಏಕಿಷ್ಟು ಕಠಿಣ? ತೆರೆದ ಶಸ್ತ್ರಚಿಕಿತ್ಸೆಯಲ್ಲಿ ವೈದ್ಯರು ಅಂಗವನ್ನು ನೇರವಾಗಿ ಎರಡು ಕಣ್ಣುಗಳಿಂದ ನೋಡುತ್ತಾರೆ, ಬೆರಳಿನಿಂದ ಮುಟ್ಟುತ್ತಾರೆ. ಇಲ್ಲಿ ನೋಡುವುದು ಪರದೆಯ ಮೇಲಿನ ಚಪ್ಪಟೆ ಚಿತ್ರವನ್ನು. ಮುಟ್ಟುವುದು ಉದ್ದನೆಯ ಸಲಾಕೆಗಳಿಂದ. ರಂಧ್ರವೇ ಆಧಾರಬಿಂದುವಾದುದರಿಂದ ಕೈ ಎಡಕ್ಕೆ ಹೋದರೆ ಒಳಗಿನ ಉಪಕರಣದ ತುದಿ ಬಲಕ್ಕೆ ಹೋಗುತ್ತದೆ. ಯಾವುದು ಮುಂದೆ, ಯಾವುದು ಹಿಂದೆ ಎಂಬುದನ್ನು ನೆರಳು, ಗಾತ್ರ, ಚಲನೆಗಳಿಂದ ಊಹಿಸಬೇಕು. ಅನುಭವಿಗಳಿಗೆ ಈ ಊಹೆ ಅಭ್ಯಾಸಬಲದಿಂದ ಒದಗುತ್ತದೆ, ಹೊಸಬರು ತಡವರಿಸುತ್ತಾರೆ.

ಎರಡು ಕಣ್ಣುಗಳು ಕಾಣುವ ತುಸು ಬೇರೆಬೇರೆಯಾದ ಚಿತ್ರಗಳನ್ನು ಮನಸ್ಸು ಕೂಡಿಸಿಕೊಂಡು ಆಳವನ್ನು ಅರಿಯುತ್ತದೆಂದು ಇಂಗ್ಲೆಂಡಿನ ಚಾರ್ಲ್ಸ್ ವೀಟ್‌ಸ್ಟೋನ್ 1838ರಲ್ಲಿಯೇ ತೋರಿಸಿಕೊಟ್ಟಿದ್ದರು. ಮೂರು ಆಯಾಮದ ಲ್ಯಾಪರೊಸ್ಕೋಪು ಇದೇ ತತ್ತ್ವದ್ದು. ಎರಡು ದೃಷ್ಟಿಕೋನಗಳಿಂದ ಹಿಡಿದ ಚಿತ್ರಗಳು ವಿಶೇಷ ಕನ್ನಡಕದ ಮೂಲಕ ಒಂದೊಂದು ಕಣ್ಣಿಗೆ ಒಂದೊಂದಾಗಿ ತಲಪುತ್ತವೆ. ಮೊದಲ ಯಂತ್ರಗಳು ಆಸೆ ಪೂರೈಸಲಿಲ್ಲ. 1998ರಲ್ಲಿ ಬ್ರಿಟನ್ನಿನಲ್ಲಿ 60 ಶಸ್ತ್ರಚಿಕಿತ್ಸೆಗಳನ್ನು ಹೋಲಿಸಿ ನೋಡಿದಾಗ ಸಮಯದಲ್ಲಾಗಲಿ ತಪ್ಪುಗಳಲ್ಲಾಗಲಿ ವ್ಯತ್ಯಾಸ ಕಾಣಲಿಲ್ಲ. ಮುಂದೆ ಚಿತ್ರದ ಸ್ಪಷ್ಟತೆ ಹೆಚ್ಚಿತು, ಕನ್ನಡಕಗಳು ಹಗುರಾದವು. ಈಚಿನ ಅನೇಕ ಪರೀಕ್ಷೆಗಳಲ್ಲಿ, ಅಭ್ಯಾಸ ಪೆಟ್ಟಿಗೆಯ ಮುಂದೆ ನಿಂತ ಹೊಸಬರು ಮೂರು ಆಯಾಮದ ಚಿತ್ರವಿದ್ದಾಗ ಕಡಿಮೆ ಸಮಯದಲ್ಲಿ, ಕಡಿಮೆ ತಪ್ಪುಗಳೊಡನೆ ಕೆಲಸ ಮುಗಿಸಿದ್ದಾರೆ.

ಹಾಗೆಂದು ಯಂತ್ರವೇ ಗುರುವಾಗಲಾರದು. ಪಿತ್ತನಾಳಕ್ಕೆ ಗಾಯವಾದ 252 ಪ್ರಕರಣಗಳನ್ನು ಶೋಧಿಸಿ 2003ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಅಧ್ಯಯನವೊಂದು, ಶೇ. 97ರಷ್ಟರಲ್ಲಿ ಮೂಲಕಾರಣ ಕೈಯ ದೋಷವಲ್ಲ, ದೃಷ್ಟಿಯ ಭ್ರಮೆ ಎಂದು ಹೇಳಿತು. ಒಂದು ನಾಳವನ್ನು ಇನ್ನೊಂದೆಂದು ಬಗೆದು ಕತ್ತರಿಸಿದ್ದರು. ತಾವು ನೋಡಿದ್ದೇ ನಿಜವೆಂದು ನಂಬಿದ್ದರು. ಆಳ ಕಂಡ ಮಾತ್ರಕ್ಕೆ ಗುರುತು ಸರಿಯಾಗುವುದಿಲ್ಲ. "ನಾನು ತಪ್ಪಾಗಿ ನೋಡುತ್ತಿರಬಹುದೇ?" ಎಂದು ತನ್ನನ್ನೇ ಕೇಳಿಕೊಳ್ಳುವ ವಿನಯವನ್ನು ಯಾವ ಕನ್ನಡಕವೂ ಕೊಡದು, ಅದು ಗುರುಗಳ ಪಕ್ಕದಲ್ಲಿ ನಿಂತೇ ಬರಬೇಕು.

ಆದರೂ ಆ ಪಾಠದ ಮೊದಲ ಮೆಟ್ಟಿಲುಗಳು ಜೀವಿಯ ಮೇಲೆ ಆಗಬೇಕಿಲ್ಲ. ಅಮೆರಿಕದ ಯೇಲ್ ವಿಶ್ವವಿದ್ಯಾಲಯದಲ್ಲಿ 16 ಮಂದಿ ಕಿರಿಯ ವೈದ್ಯರಲ್ಲಿ ಅರ್ಧ ಜನರಿಗೆ ಸಿಮ್ಯುಲೇಟರ್ ಯಂತ್ರದಲ್ಲಿ ಅಭ್ಯಾಸ ಮಾಡಿಸಿದರು. 2002ರಲ್ಲಿ ಪ್ರಕಟವಾದ ಫಲಿತಾಂಶದಂತೆ, ಆ ಅಭ್ಯಾಸವಿಲ್ಲದವರು ಪಿತ್ತಕೋಶವನ್ನು ಗಾಯಗೊಳಿಸುವ ಅಥವಾ ಬೇಡದ ಭಾಗವನ್ನು ಸುಡುವ ಸಂಭವ ಐದು ಪಟ್ಟು ಹೆಚ್ಚಿತ್ತು. ಕೈ ಪಳಗಿಸಲು ಹಂದಿ ಮೊದಲಾದ ಪ್ರಾಣಿಗಳನ್ನು ಬಳಸುವ ಪದ್ಧತಿ ಹಲವು ದೇಶಗಳಲ್ಲಿದೆ. ಆದರೆ ಬ್ರಿಟನ್ನಿನ 1876ರ ಕಾಯಿದೆಯು ಕೈಚಳಕ ಗಳಿಸುವುದಕ್ಕಾಗಿ ಜೀವಂತ ಪ್ರಾಣಿಗಳನ್ನು ಬಳಸುವುದನ್ನು ನಿಷೇಧಿಸಿತ್ತು. 1986ರಲ್ಲಿ ಹೊಸ ಕಾಯಿದೆ ಬರುವವರೆಗೆ, ನೂರು ವರ್ಷಗಳಿಗೂ ಮಿಕ್ಕಿ, ಅಲ್ಲಿನ ಶಸ್ತ್ರವೈದ್ಯರು ಆ ಕಟ್ಟಳೆಯಲ್ಲಿಯೇ ಕಲಿತರು. ಗ್ರಂಥ, ಮಾದರಿ, ಚಿತ್ರಗಳಿಂದ ಕಲಿಸಲು ಸಾಧ್ಯವಾದಲ್ಲಿ ಪ್ರಾಣಿಪ್ರಯೋಗವನ್ನು ಆದಷ್ಟು ತಪ್ಪಿಸಬೇಕೆಂದು ನಮ್ಮ 1960ರ ಪ್ರಾಣಿಹಿಂಸೆ ತಡೆ ಕಾಯಿದೆಯ 17ನೆಯ ಪ್ರಕರಣವೂ ಹೇಳುತ್ತದೆ. ಸುಶ್ರುತ ಸಂಹಿತೆಯಂತೂ ಶಿಷ್ಯನು ಮೊದಲು ಕುಂಬಳ, ಸೋರೆ, ಸೌತೆಗಳನ್ನು ಕೊಯ್ದು ಕಲಿಯಬೇಕೆಂದು ವಿಧಿಸಿತ್ತು.

ಇಲ್ಲಿ ನಮ್ಮ ಧರ್ಮದ ಒಂದು ಸೂಕ್ಷ್ಮವನ್ನು ನೆನೆಯಬೇಕು. ಉಮಾಸ್ವಾಮಿ ಆಚಾರ್ಯರು ತತ್ತ್ವಾರ್ಥಸೂತ್ರದಲ್ಲಿ ಹಿಂಸೆಯನ್ನು ಪ್ರಮಾದದೊಡನೆ ಕೂಡಿಸಿ ಹೇಳಿದ್ದಾರೆ. ಎಚ್ಚರದಿಂದ ನಡೆದ ವೈದ್ಯರ ಕೈಯಲ್ಲಿ ನೋವಾದರೂ ಅವರು ಹಿಂಸಕರಲ್ಲ; ಎಚ್ಚರಗೇಡಿಯ ಕೈಯಲ್ಲಿ ಏನೂ ಆಗದಿದ್ದರೂ ದೋಷ ತಪ್ಪದು. ಆದರೆ ಎಚ್ಚರವೆಂದರೆ ಎಷ್ಟು? ನಾವು ನೀರನ್ನು ಬಟ್ಟೆಯಲ್ಲಿ ಸೋಸಿ ಕುಡಿಯುತ್ತೇವೆ. ಬಟ್ಟೆಯೇ ಸಿಗದ ಕಡೆ ಬಾಯಾರಿದವನ ಮಾತು ಬೇರೆ. ಹೆಗಲ ಮೇಲೆ ಬಟ್ಟೆಯಿದ್ದೂ ಸೋಸದವನ ಮಾತು ಬೇರೆ. ಎಚ್ಚರದ ಸಾಧನಗಳು ಹೆಚ್ಚಿದಂತೆಲ್ಲ ಪ್ರಮಾದದ ಎಲ್ಲೆಯೂ ವಿಸ್ತಾರವಾಗುತ್ತದೆ. 1990ರಲ್ಲಿ ಕ್ಷಮ್ಯವಾಗಿದ್ದುದು ಇಂದು ಕ್ಷಮ್ಯವಲ್ಲ.

ಮೊದಲ ರೋಗಿ ಎಂಬುವನು ಹೇಗಿದ್ದರೂ ಒಬ್ಬ ಇದ್ದೇ ಇರುತ್ತಾನಲ್ಲ, ಯಂತ್ರಗಳ ಬೆಲೆಯೂ ಹೆಚ್ಚಲ್ಲ ಎನ್ನುವಂತಿಲ್ಲವಲ್ಲ ಎಂದು ವಾಚಕರು ಆಕ್ಷೇಪಿಸಬಹುದು. ಎರಡೂ ನಿಜ. ಮೊದಲ ರೋಗಿಯನ್ನು ತಪ್ಪಿಸಲಾಗದು. ಆದರೆ ಮೊದಲ ಪಾಠವೂ ಅವನ ಮೇಲೆಯೇ ಆಗುವುದನ್ನು ತಪ್ಪಿಸಬಹುದು. ಮೂರು ಆಯಾಮದ ಯಂತ್ರ ಕೈಗೆ ಎಟುಕದಿದ್ದರೂ, ಒಂದು ಪೆಟ್ಟಿಗೆ, ಸಣ್ಣ ಕ್ಯಾಮೆರಾ ಮತ್ತು ಹಳೆಯ ಉಪಕರಣಗಳಿಂದ ಅಭ್ಯಾಸ ಆರಂಭವಾಗಬಲ್ಲದು. ಅದನ್ನೂ ಒದಗಿಸದೆ ಆಸ್ಪತ್ರೆಯು ಉಳಿಸಿದ ಹಣ ಉಳಿತಾಯವಲ್ಲ. ರೋಗಿಯ ಖಾತೆಗೆ ಅವನಿಗೆ ತಿಳಿಯದಂತೆ ಹಾಕಿದ ಖರ್ಚು. ವ್ಯಾಪಾರದಲ್ಲಿ ಅದಕ್ಕೆ ಬೇರೆ ಹೆಸರಿದೆ.

ನಮ್ಮ ಸಮಾಜದ ದಾನಿಗಳಿಗೂ ಒಂದು ಮಾತು. ಆಸ್ಪತ್ರೆಯ ಕೊಠಡಿಗಳ ಮೇಲೆ ನಮ್ಮವರ ಹೆಸರಿನ ಶಿಲಾಫಲಕಗಳನ್ನು ಕಂಡು ಸಂತೋಷಪಟ್ಟಿದ್ದೇನೆ. ಅಭ್ಯಾಸದ ಕೊಠಡಿಯ ಮೇಲೆ ಇನ್ನೂ ಕಂಡಿಲ್ಲ. ಚತುರ್ವಿಧ ದಾನಗಳಲ್ಲಿ ಔಷಧದಾನ, ಶಾಸ್ತ್ರದಾನ, ಅಭಯದಾನ ಮೂರೂ ಒಂದೆಡೆ ಕೂಡುವ ಸ್ಥಳ ಅದು. ಕಲಿಯುವವರಿಗೆ ಅಲ್ಲಿ ವಿದ್ಯೆ, ಮುಂದೆ ಬರುವ ರೋಗಿಗೆ ಆರೋಗ್ಯ, ಮೂಕಪ್ರಾಣಿಗೆ ಅಭಯ.

ಆ ಹಿರಿಯ ವೈದ್ಯರು ಇಂದು ಮತ್ತೆ ಕೇಳಿದರೆ ನಾನು ಹೀಗೆ ಉತ್ತರಿಸುತ್ತೇನೆ: "ಇವರು ಮೊದಲು ಯಂತ್ರದ ಮುಂದೆ, ಕೈ ತಪ್ಪದಷ್ಟು ಕಾಲ ಕಲಿಯಲಿ. ಆಮೇಲೆ ತಾವು ಪಕ್ಕದಲ್ಲಿದ್ದು ಮಾಡಿಸಿ. ಮಾಡುವವರು ಇವರೆಂದು ನಮಗೆ ಮುಂಚೆಯೇ ತಿಳಿಸಿ." ಇಷ್ಟಾದ ಮೇಲೂ ಉಳಿಯುವ ಅಲ್ಪಸ್ವಲ್ಪ ಅಪಾಯವನ್ನು ಯಾರಾದರೂ ಹೊರಲೇಬೇಕಾದರೆ, ಮನೆಯವಳ ಪರವಾಗಿ ಒಪ್ಪಿಗೆ ಕೊಡಲು ನಾನು ಯಾರು? ಅದು ಅವಳೇ ಹೇಳಬೇಕಾದ ಮಾತು. ನನ್ನ ಸರದಿ ಬಂದಾಗ ಮಾತ್ರ, ಆ ಖರ್ಚನ್ನು ನನ್ನ ಖಾತೆಗೇ ಬರೆದುಕೊಳ್ಳಿರೆಂದು ಹೇಳುವ ಸ್ಥೈರ್ಯ ನನಗೆ ಇರಲೆಂದು ಪ್ರಾರ್ಥಿಸುತ್ತೇನೆ.