ಮರೆವಿನ ಮುಪ್ಪು ಮತ್ತು ಮನೆಯ ಸೇವೆ

ನಮ್ಮ ತೀರ್ಥರೂಪರು ನಾಲ್ಕು ದಶಕಗಳ ಕಾಲ ದೇವರ ಪೂಜೆಯನ್ನು ನಡೆಸಿದವರು. ಕಡೆಯ ಮೂರು ವರ್ಷ ಅವರಿಗೆ ನಾವು ಯಾರೆಂಬುದೇ ತಿಳಿಯುತ್ತಿರಲಿಲ್ಲ. ಊಟವಾದ ಅರ್ಧ ಗಂಟೆಯೊಳಗೆ “ಇನ್ನೂ ಎಲೆ ಹಾಕಲಿಲ್ಲವೇ?” ಎಂದು ಕೇಳುವರು, ನಡುರಾತ್ರಿಯಲ್ಲೆದ್ದು ಪೂಜೆಗೆ ಹೊತ್ತಾಯಿತೆಂದು ಅಗುಳಿ ತೆಗೆಯುವರು. ಆದರೆ ವಿಷ್ಣುಸಹಸ್ರನಾಮವನ್ನು ನಾವು ಆರಂಭಿಸಿದರೆ ಮುಂದಿನದು ತಡೆಯಿಲ್ಲದೆ ಅವರ ಬಾಯಿಂದ ಬರುತ್ತಿತ್ತು.

ಹಿಂದಿನವರು ಇದನ್ನು ಅರಳುಮರುಳೆಂದು ಕರೆದು ಸುಮ್ಮನಾದರು. ವೈದ್ಯರಾದರೋ ಡಿಮೆನ್ಷಿಯ ಎನ್ನುತ್ತಾರೆ. ಮಿದುಳಿನ ರೋಗಗಳಿಂದ ಬರುವಂಥದು. 2023ರಲ್ಲಿ ಪ್ರಕಟವಾದ ಅಧ್ಯಯನವೊಂದು ಭಾರತದಲ್ಲಿ 60 ವರ್ಷ ದಾಟಿದವರ ಪೈಕಿ ಸುಮಾರು 88 ಲಕ್ಷ ಮಂದಿಗೆ ಇದಿದೆಯೆಂದು ಅಂದಾಜು ಮಾಡಿದೆ. ಪೂರ್ಣ ಗುಣಪಡಿಸುವ ಔಷಧ ಇನ್ನೂ ಇಲ್ಲ. ಉಳಿದಿರುವುದು ಸೇವೆ.

ನಮ್ಮ ಸಿದ್ಧಾಂತದಲ್ಲಿ ಸ್ಮೃತಿಗೆ ಸಾಧನ ಮನಸ್ಸು. ಸಾಧನ ಕೆಟ್ಟ ಮಾತ್ರಕ್ಕೆ ಜೀವನ ಸ್ವರೂಪ ಕೆಡುವುದಿಲ್ಲ. ಆದುದರಿಂದ “ಅವರಿಗೇನು ತಿಳಿಯುತ್ತದೆ” ಎಂದು ಅವರೆದುರಿಗೇ ಆಡುವುದು ಸರ್ವಥಾ ಅನುಚಿತ.

ಆದರೆ ಆ ಸೇವೆ ಯಾರ ಪಾಲಿಗೆ? “ತಂದೆಯವರನ್ನು ಮನೆಯಲ್ಲೇ ಇಟ್ಟುಕೊಂಡಿದ್ದೇವೆ” ಎಂದು ನಾವು ಬಂಧುಗಳಲ್ಲಿ ಹೆಮ್ಮೆಯಿಂದ ಹೇಳುತ್ತಿದ್ದೆವು. ಸ್ನಾನ, ಬಟ್ಟೆ, ರಾತ್ರಿಯ ಎಚ್ಚರ ಎಲ್ಲವೂ ನಮ್ಮ ಗೃಹಿಣಿಯದು. ತರಬೇತಿ ಪಡೆದ ಸಹಾಯಕರನ್ನು ನೇಮಿಸಿಕೊಳ್ಳಿರೆಂದು ವೈದ್ಯರು ಹೇಳಿದಾಗ, ಮನೆಯಲ್ಲಿ ಮಡಿ ಕೆಡುವುದೆಂದು ನಾವು ಒಪ್ಪಲಿಲ್ಲ. ಒಂದು ಬೆಳಗ್ಗೆ ತಂದೆಯವರನ್ನು ಎತ್ತಿ ಕೂರಿಸುತ್ತ ಆಕೆ ಬಚ್ಚಲಲ್ಲಿ ತಲೆ ತಿರುಗಿ ಬಿದ್ದಳು. ಅಷ್ಟು ದಿನ ನಮ್ಮ ಮಡಿ ಉಳಿದದ್ದು ಆಕೆಯ ದೇಹಬಲದಿಂದ ಎಂಬುದು ಆಗ ತಿಳಿಯಿತು. ನಾಚಿಕೆಯಾಯಿತು.

ಅನಂತರ ಹಗಲಿಗೆ ಒಬ್ಬ ಸಹಾಯಕ ಬಂದ. ದೇವರ ಮನೆ, ಅಡಿಗೆಮನೆಗಳ ಮಡಿ ಇದ್ದಂತೆಯೇ ಇತ್ತು. ತಂದೆಯವರ ಕೋಣೆಯಲ್ಲಿ ಅವನು ಅವರನ್ನು ಮಗನಿಗಿಂತ ಚೆನ್ನಾಗಿ ನೋಡಿಕೊಂಡ. ರಾತ್ರಿಯ ಸರದಿಯನ್ನು ನಾವು ವಹಿಸಿಕೊಂಡೆವು. ಸ್ನಾನ ಮಾಡಿಸುವುದನ್ನು ಅವನಿಂದಲೇ ಕಲಿತೆವು. ಷೋಡಶೋಪಚಾರ ಬಲ್ಲ ಕೈಗೆ ಅದು ಕಷ್ಟವಾದುದು ವಿಚಿತ್ರವೇ ಸರಿ.

ಹೆತ್ತವರ ಪೋಷಣೆ ಮಕ್ಕಳ ಹೊಣೆಯೆಂದು 2007ರ ಕಾನೂನು ವಿಧಿಸಿದೆ. ಅದು ಜೀವನಾಂಶವನ್ನು ಕೊಡಿಸೀತು. ರಾತ್ರಿ ಎಚ್ಚರವಿರುವವರನ್ನು ಕೊಡಿಸದು. ಮುಂದಿನ ಮನೆಗಳಲ್ಲಿ ಮಕ್ಕಳು ಒಬ್ಬಿಬ್ಬರು, ಅವರೂ ಬೆಂಗಳೂರು, ಅಮೆರಿಕಗಳಲ್ಲಿ. ಗಂಡಸರು ಕೈಹಾಕದೆ, ಹೊರಗಿನವರ ನೆರವನ್ನು ಒಪ್ಪದೆ, ಮನೆಯ ಸೇವೆ ಉಳಿಯುವಂತಿಲ್ಲ.

ನಮ್ಮ ದೇವಾಲಯದ ಭೋಜನಶಾಲೆ ಮಧ್ಯಾಹ್ನ 3ರಿಂದ 5ರವರೆಗೆ ಬರಿದಾಗಿರುತ್ತದೆ. ಇಂತಹ ಹಿರಿಯರನ್ನು ಅಲ್ಲಿ ಕೂರಿಸಿ ಸ್ತೋತ್ರ ಹೇಳಿಸಿದರೆ ಮನೆಯವರಿಗೆ ಎರಡು ಗಂಟೆಯ ವಿಶ್ರಾಂತಿ ದೊರೆಯುವುದು. ಶನಿವಾರಗಳಂದು ಬರಲು ನಾವು ಸಿದ್ಧರಿದ್ದೇವೆ. ಜೊತೆಗೂಡುವ ಗೃಹಸ್ಥರು ಕಾರ್ಯಾಲಯದಲ್ಲಿ ಹೆಸರು ತಿಳಿಸಬೇಕಾಗಿ ಪ್ರಾರ್ಥನೆ.